ಹದಿಮೂರು ಕೂಸುಗಳು, ಹೆಸರಿಲ್ಲದ ಹೆಂಗಸರು

ಕೂಸಿಗೆ ಒಂದೂವರೆ ವರ್ಷವಾದರೂ ನಿಲ್ಲುತ್ತಿಲ್ಲ, ಕರೆದರೆ ತಿರುಗಿ ನೋಡುತ್ತಿಲ್ಲ ಎಂದರೆ ನಮ್ಮ ಕಡೆ ಮೊದಲು ಸಿಗುವ ಉತ್ತರ: 'ಅವರಪ್ಪನೂ ತಡವಾಗೇ ಮಾತಾಡಿದ್ದು, ಬಿಡಿ.' ಜಿಲ್ಲಾಸ್ಪತ್ರೆಯ ಡಿಇಐಸಿ ಬೋರ್ಡಿನ ಮುಂದೆ ದಿನಾ ಓಡಾಡುವವರಿಗೂ ಒಳಗೆ ಏನು ನಡೆಯುತ್ತದೆಂದು ಗೊತ್ತಿರುವುದು ಕಡಿಮೆ. ಬೆಳವಣಿಗೆಯಲ್ಲಿ ಹಿಂದುಳಿದ ಎಳೆಯ ಮಕ್ಕಳನ್ನು ಬೇಗ ಗುರುತಿಸಿ ಅಲ್ಲಿ ತರಬೇತಿ ಕೊಡುತ್ತಾರೆ. ಬೇಗ ಶುರುಮಾಡಿದರೆ ಫಲವುಂಟು ಎಂಬ ಮಾತನ್ನು ಜಗತ್ತು ಒಪ್ಪಿಕೊಳ್ಳಲು ಹಲವು ದಶಕ ಹಿಡಿಯಿತು.

1930ರ ದಶಕದ ಅಮೆರಿಕ. ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್‌ನಲ್ಲಿ ಒಂದು ಸರ್ಕಾರಿ ಅನಾಥಾಲಯ. ಅಂತರ್ಯುದ್ಧದಲ್ಲಿ ಸತ್ತ ಸೈನಿಕರ ಮಕ್ಕಳಿಗೆಂದು ಕಟ್ಟಿದ್ದು. ಎಳೆಗೂಸುಗಳ ತೊಟ್ಟಿಲಿಗೆ ಸುತ್ತಲೂ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಹಾಲಿಗೆ, ಸ್ನಾನಕ್ಕೆ ಬಿಟ್ಟರೆ ಎತ್ತಿಕೊಳ್ಳುವವರಿಲ್ಲ. ಅಲ್ಲಿನ ಎರಡು ಹೆಣ್ಣುಕೂಸುಗಳು ಒಂದು ವರ್ಷ ದಾಟಿದ್ದರೂ ಆರೇಳು ತಿಂಗಳ ಮಗುವಿನಷ್ಟೇ ಬೆಳೆದಿದ್ದವು. ಕೂತಲ್ಲೇ ತೂಗುವುದು, ಕೊರಗುವುದು, ಅಷ್ಟೇ. ದತ್ತು ಹೋಗುವ ಮಕ್ಕಳಲ್ಲವೆಂದು, ಆಗಿನ ಮಾತಿನಲ್ಲಿ 'ಮಂದಬುದ್ಧಿ'ಯವರೆನಿಸಿದ ಹೆಂಗಸರಿದ್ದ ಸಂಸ್ಥೆಗೆ ಅವನ್ನು ಸಾಗಹಾಕಿದರು.

ಆರು ತಿಂಗಳ ಮೇಲೆ ಹೆರಾಲ್ಡ್ ಸ್ಕೀಲ್ಸ್ ಎಂಬ ಮನಶ್ಶಾಸ್ತ್ರಜ್ಞ ಅಲ್ಲಿಗೆ ಹೋದಾಗ ಅವೇ ಮಕ್ಕಳು ನಗುತ್ತಾ ಓಡಾಡುತ್ತಿದ್ದವು. ಔಷಧ ಕೊಟ್ಟವರು ಯಾರೂ ಇರಲಿಲ್ಲ. ವಾರ್ಡಿನ ಹೆಂಗಸರು ಎತ್ತಿ ಆಡಿಸಿದ್ದರು, ಮಾತಾಡಿಸಿದ್ದರು. ಸಿಬ್ಬಂದಿ ರಜೆಯ ದಿನ ಕಾರಿನಲ್ಲಿ ಸುತ್ತಾಡಿಸಿ ಆಟಿಕೆ ಕೊಡಿಸಿದ್ದರು.

ಆಮೇಲೆ ಸ್ಕೀಲ್ಸ್ ಬೇಕೆಂದೇ ಇನ್ನಷ್ಟು ಮಕ್ಕಳನ್ನು ಕಳಿಸಿದರು, ಒಟ್ಟು 13. ಹೆರಾಲ್ಡ್ ಡೈ ಜೊತೆ 1939ರಲ್ಲಿ ವರದಿ ಪ್ರಕಟಿಸಿದರು. ಸರಾಸರಿ 64 ಇದ್ದ ಆ ಮಕ್ಕಳ ಐಕ್ಯೂ 27 ಅಂಕಕ್ಕೂ ಹೆಚ್ಚು ಏರಿತ್ತು. ಅನಾಥಾಲಯದಲ್ಲೇ ಉಳಿದ 12 ಮಕ್ಕಳು ಮೊದಲು ಇವರಿಗಿಂತ ಎಷ್ಟೋ ಚುರುಕಾಗಿದ್ದವರು. ಅವರದು ಸುಮಾರು 26 ಅಂಕ ಇಳಿದಿತ್ತು.

ಬುದ್ಧಿ ಹುಟ್ಟಿನಿಂದಲೇ ಬರುವುದು, ಬದಲಾಗದು ಎಂದು ನಂಬಿದ್ದ ಕಾಲ. ಲೂಯಿಸ್ ಟರ್ಮನ್, ಫ್ಲಾರೆನ್ಸ್ ಗುಡ್‌ಎನಫ್‌ರಂಥ ದೊಡ್ಡ ಹೆಸರುಗಳು ಅಯೋವಾದವರ ಮೇಲೆ ಮುಗಿಬಿದ್ದವು. ಮಕ್ಕಳ ಸಂಖ್ಯೆ ಕಡಿಮೆ ಎಂಬ ತಕರಾರಿನಲ್ಲಿ ಹುರುಳಿತ್ತು, ಗೇಲಿಯಲ್ಲಿ ಇರಲಿಲ್ಲ. ಯುದ್ಧ ಬಂತು, ವಿಷಯ ಮೂಲೆಗೆ ಬಿತ್ತು. ಇಪ್ಪತ್ತು ವರ್ಷದ ಮೇಲೆ ಸ್ಕೀಲ್ಸ್ ಎಲ್ಲರನ್ನೂ ಹುಡುಕಿಸಿ 1966ರಲ್ಲಿ ಮತ್ತೆ ಬರೆದರು. 13 ಜನವೂ ಸ್ವಂತ ಕಾಲ ಮೇಲೆ ನಿಂತಿದ್ದರು, 11 ಜನಕ್ಕೆ ಮದುವೆಯಾಗಿತ್ತು. ಆ 12ರಲ್ಲಿ ಒಬ್ಬರು ಹರೆಯದಲ್ಲೇ ಸಂಸ್ಥೆಯಲ್ಲಿ ತೀರಿಕೊಂಡಿದ್ದರು, ನಾಲ್ವರು ಇನ್ನೂ ಸಂಸ್ಥೆಗಳಲ್ಲೇ ಇದ್ದರು. ಮಕ್ಕಳನ್ನು ಎತ್ತಿ ಆಡಿಸಿದ ಹೆಂಗಸರ ಹೆಸರು ಮಾತ್ರ ವರದಿಯಲ್ಲಿಲ್ಲ. ನಮಗೆ ಕಾಣುವಂತೆ ಮೊದಲ ಥೆರಪಿಸ್ಟರು ಅವರೇ.

ನಮ್ಮಲ್ಲಿ ಮಾತು, ಕೇಳುವಿಕೆಗೆಂದು ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಲ್ಲೇ ಶುರುವಾಯಿತು. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಬಂದಾಗ ರಾಜ್ಯದಲ್ಲಿ ಮೊದಲು ಆರಿಸಿದ್ದು ತಿ.ನರಸೀಪುರವನ್ನು. ಮಗುವಿನ ಮನಸ್ಸಿನ ಬೆಳವಣಿಗೆಯೂ ಆ ಯೋಜನೆಯ ಉದ್ದೇಶಗಳಲ್ಲಿತ್ತು. ಆದರೆ ಎಲ್ಲರ ಕಣ್ಣಿಗೆ ಬಿದ್ದದ್ದು ಆಹಾರದ ಪೊಟ್ಟಣ, ತೂಕದ ತಕ್ಕಡಿ. ತಿರುವನಂತಪುರದಲ್ಲಿ ಎರಡು ವರ್ಷದೊಳಗಿನ ಮಕ್ಕಳನ್ನು ನೋಡಲು 17 ಅಂಶಗಳ ಸರಳ ಪಟ್ಟಿ ಮಾಡಿದರು. 2013ರಲ್ಲಿ ಆರ್‌ಬಿಎಸ್‌ಕೆ ಬಂದ ಮೇಲೆ ಸಂಚಾರಿ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿ ಮಕ್ಕಳನ್ನು ತಪಾಸಣೆ ಮಾಡಿ, ಬೇಕಾದವರನ್ನು ಡಿಇಐಸಿಗೆ ಕಳಿಸಬೇಕೆಂದು ನಿಯಮವಾಯಿತು.

ಕೇಂದ್ರದಲ್ಲಿ ಮಗು ಇರುವುದು ಅರ್ಧ ಗಂಟೆಯೋ ಒಂದು ಗಂಟೆಯೋ. ಉಳಿದದ್ದೆಲ್ಲ ಮನೆಯಲ್ಲೇ ನಡೆಯಬೇಕು. ಅವ್ವ ಕೂಲಿಗೆ ಹೋದರೆ ಹಗಲೆಲ್ಲ ಮಗು ಅಜ್ಜಿಯ ಮಡಿಲಲ್ಲಿ. ವ್ಯಾಯಾಮ ಹೇಳಿಕೊಡುವುದು ಮಾತ್ರ ಒಂದು ದಿನದ ಕೂಲಿ ಬಿಟ್ಟು ಬಂದ ಅವ್ವನಿಗೆ. ಅಜ್ಜಿಯನ್ನೂ ಒಮ್ಮೆ ಕರೆತನ್ನಿ ಎಂದು ಚೀಟಿಯಲ್ಲಿ ಬರೆದು ಕೊಡಲು ಯಾವ ಸುತ್ತೋಲೆಯೂ ಬೇಕಿಲ್ಲ.