ಜಲಾನಯನದ ಆಚೆಯ ಪಾಲುದಾರ: ಕಾವೇರಿಯ ಲೆಕ್ಕದಲ್ಲಿ ಕೆಜಿಎಫ್ ಮತ್ತು ಬಂಗಾರಪೇಟೆ

ಕಾವೇರಿ ವಿವಾದದ ಬಗೆಗಿನ ಬಹುಪಾಲು ಬರಹಗಳು ಮಂಡ್ಯಕ್ಕೂ ತಂಜಾವೂರಿಗೂ ನಡುವೆಯೇ ಓಡಾಡುತ್ತವೆ. ಕೋಲಾರ ಅವುಗಳಲ್ಲಿ ಕಾಣಿಸಿಕೊಳ್ಳುವುದು ಕಡಿಮೆ. ಭೂಪಟ ನೋಡಿದರೆ ಇದು ಸರಿಯೇ: ಕೆಜಿಎಫ್, ಬಂಗಾರಪೇಟೆ ಸೀಮೆಯಲ್ಲಿ ಬಿದ್ದ ಮಳೆ ಪಾಲಾರಿಗೆ ಸೇರುತ್ತದೆ, ಇಲ್ಲವೇ ಮಾರ್ಕಂಡೇಯ ನದಿಯ ಮೂಲಕ ದಕ್ಷಿಣ ಪಿನಾಕಿನಿಗೆ. ಕಾವೇರಿಗೆ ಒಂದು ಹನಿಯೂ ಹೋಗದು. ಆದರೂ ಕಾವೇರಿಯನ್ನು ಕಟ್ಟಿ ಹಿಡಿದು ಅಳೆದು ಬಿಡುವ ಇಂದಿನ ಪದ್ಧತಿ ಮೊಳೆತದ್ದರಲ್ಲಿ ಈ ಸೀಮೆಯ ಪಾಲು ದೊಡ್ಡದು. ಈಗ ಅದೇ ನದಿಯ ನೀರು, ಮಹಾನಗರವೊಂದರ ಬಚ್ಚಲು ದಾಟಿ, ಇದೇ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಜಲಾನಯನವನ್ನೇ ಘಟಕವಾಗಿ ಹಿಡಿದು ನೀರು ಹಂಚುವ ನಮ್ಮ ಕ್ರಮಕ್ಕೆ ಈ ಎರಡೂ ಸಂಗತಿಗಳು ಕಾಣುವುದಿಲ್ಲ ಎಂಬುದು ಈ ಲೇಖನದ ವಾದ.

1902ರ ಜೂನ್ 30ರಂದು ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಕನಕಪುರದ ಮೇಲೆ ಹಾಯ್ದು ಸುಮಾರು 92 ಮೈಲಿ ದೂರದ ಚಿನ್ನದ ಗಣಿಗಳನ್ನು ಮುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೊಂಡ ಯೋಜನೆ ಅದು. ಅದನ್ನು ರೂಪಿಸಿದ ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯೇರ್. ತಲಾ 720 ಕಿಲೋವ್ಯಾಟ್‌ನ ಆರು ಯಂತ್ರಗಳೊಂದಿಗೆ ಕೇಂದ್ರ ಆರಂಭವಾಯಿತು. ಅಲ್ಲಿಯವರೆಗೆ ಕಟ್ಟಿಗೆ, ಕಲ್ಲಿದ್ದಲುಗಳ ಮೇಲೆ ನಿಂತಿದ್ದ ಗಣಿಗಳಿಗೆ ಇದು ಅಗ್ಗದ ಶಕ್ತಿ. ಬೆಂಗಳೂರಿನ ಬೀದಿ ದೀಪಗಳು ಆಮೇಲೆ, 1905ರಲ್ಲಿ ಬೆಳಗಿದವು. ಕಾವೇರಿಯ ಮೊದಲ ದೊಡ್ಡ ಗಿರಾಕಿ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿದ್ದ ಗಣಿಗಳೇ.

ಗಿರಾಕಿಯ ಸ್ವಭಾವವನ್ನು ಸ್ವಲ್ಪ ಗಮನಿಸಬೇಕು. ಗಣಿಗೆ ಋತುವಿಲ್ಲ. ಸಾವಿರಾರು ಅಡಿ ಆಳದಿಂದ ಜನರನ್ನೂ ಅದಿರನ್ನೂ ಮೇಲೆತ್ತುವ ಯಂತ್ರ, ಕೆಳಗೆ ಗಾಳಿ ತಳ್ಳುವ ಕಂಪ್ರೆಸರ್, ಅದಿರು ಕುಟ್ಟುವ ಗಿರಣಿ, ಒಸರುವ ನೀರನ್ನು ಹೊರಹಾಕುವ ಪಂಪು, ಇವು ಏಪ್ರಿಲ್‌ನಲ್ಲೂ ಆಗಸ್ಟ್‌ನಲ್ಲೂ ಒಂದೇ ಸಮ ಓಡಬೇಕು. ಕಾವೇರಿಯೋ ಮುಂಗಾರಿನಲ್ಲಿ ದಡ ಮೀರಿ ಬೇಸಿಗೆಯಲ್ಲಿ ಬಂಡೆಗಳ ನಡುವೆ ಎಳೆಯಾಗಿ ಹರಿಯುವ ನದಿ. ಶಿವನಸಮುದ್ರದಲ್ಲಿ ಹೇಳಿಕೊಳ್ಳುವಂಥ ಸಂಗ್ರಹವಿರಲಿಲ್ಲ; ನದಿ ಬಂದಷ್ಟೇ ವಿದ್ಯುತ್ತು. ಗಣಿಗಳ ಬೇಡಿಕೆ ಏರಿದಂತೆ ಬೇಸಿಗೆಯ ಕೊರತೆ ಸರ್ಕಾರಕ್ಕೆ ತಲೆನೋವಾಯಿತು.

1909ರಲ್ಲಿ ಮುಖ್ಯ ಎಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಮುಂದಿಟ್ಟ ಕನ್ನಂಬಾಡಿ ಕಟ್ಟೆಯ ಯೋಜನೆಗೆ ಎರಡು ಕಣ್ಣು: ನೀರಾವರಿ ಒಂದು, ಶಿವನಸಮುದ್ರಕ್ಕೆ ವರ್ಷವಿಡೀ ನೀರು ಇನ್ನೊಂದು. ಜನರ ನೆನಪಿನಲ್ಲಿ ಉಳಿದದ್ದು ಮೊದಲನೆಯದು. ಆದರೆ ಕಾಲಾನುಕ್ರಮ ಬೇರೆಯೇ ಮಾತು ಹೇಳುತ್ತದೆ. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಇರ್ವಿನ್ ನಾಲೆಯ ನೀರು ಮಂಡ್ಯದ ಹೊಲಗಳಿಗೆ ಇಳಿದದ್ದು 1930ರ ದಶಕದಲ್ಲಿ. ನಡುವಿನ ವರ್ಷಗಳಲ್ಲಿ ಏರುತ್ತಿದ್ದ ಗೋಡೆಯ ಹಿಂದೆ ನಿಂತ ನೀರಿಗೆ ಮುಖ್ಯ ಕೆಲಸ ವಿದ್ಯುತ್ತು. ಕಬ್ಬಿಗಿಂತ ಮೊದಲು ಚಿನ್ನ, ಎನ್ನಬಹುದು.

ಈ ಕಟ್ಟೆಗೆ ಮದ್ರಾಸು ಎತ್ತಿದ ಆಕ್ಷೇಪವನ್ನೂ ಈ ಬೆಳಕಿನಲ್ಲೇ ನೋಡಬೇಕು. ವಿದ್ಯುತ್ತಿಗೆ ಬಳಸಿದ ನೀರು ಟರ್ಬೈನು ದಾಟಿ ಮತ್ತೆ ನದಿಗೇ ಬೀಳುತ್ತದೆ, ಖರ್ಚಾಗುವುದಿಲ್ಲ. ಹಾಗಿದ್ದರೆ ಜಗಳವೇಕೆ? ಕಾಲಕ್ಕಾಗಿ. ಗಣಿಗೆ ಬೇಕಾದದ್ದು ಹನ್ನೆರಡು ತಿಂಗಳ ಸಮಹರಿವು. ತಂಜಾವೂರಿನ ಕುರುವೈ ಭತ್ತಕ್ಕೆ ಬೇಕಾದದ್ದು ಜೂನ್‌ನಿಂದ ಮೇಲೆ ಬರುವ ಹೊಸ ನೀರು. ಮುಂಗಾರಿನಲ್ಲಿ ಹಿಡಿದು ಬೇಸಿಗೆಯಲ್ಲಿ ಬಿಟ್ಟರೆ ಒಟ್ಟು ಮೊತ್ತ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಸಸಿಮಡಿಗೆ ನೀರಿಲ್ಲ. ಈ ಜಗಳದ ಮಧ್ಯಸ್ಥಿಕೆಯಲ್ಲಿ ಬಂದ 1914ರ ಗ್ರಿಫಿನ್ ತೀರ್ಪು ಮೈಸೂರಿನ ಕಡೆ ವಾಲಿತು, ಮದ್ರಾಸು ಒಪ್ಪಲಿಲ್ಲ. ಕೊನೆಗೆ 1924ರ ಫೆಬ್ರವರಿ 18ರ ಒಪ್ಪಂದಕ್ಕೆ ಲಗತ್ತಿಸಿದ ನಿಯಂತ್ರಣ ನಿಯಮಗಳು ಮದ್ರಾಸು ಸೀಮೆಯ ಮೇಲಣೆಕಟ್ಟಿನ (ಅಪ್ಪರ್ ಆನಿಕಟ್) ಮಾಪನಪಟ್ಟಿಯಲ್ಲಿ ಇಷ್ಟು ನೀರು ಕಂಡ ಮೇಲೆಯೇ ಕನ್ನಂಬಾಡಿಯಲ್ಲಿ ತಡೆಯಬೇಕೆಂದು ಕಟ್ಟು ಹಾಕಿದವು. ಸಂಕಷ್ಟದ ವರ್ಷಗಳಲ್ಲಿ ‘ಈ ತಿಂಗಳು ಎಷ್ಟು’ ಎಂದು ಇಂದಿಗೂ ನಡೆಯುವ ವಾಗ್ವಾದದ ಬೇರು ಇಲ್ಲಿದೆ.

ಅತ್ತ ಕಾವೇರಿಯ ಶಕ್ತಿ ತಂತಿಯಲ್ಲಿ ಬರುತ್ತಿದ್ದಾಗ, ಗಣಿ ಕಾರ್ಮಿಕರ ಲೈನುಮನೆಗಳ ಕುಡಿಯುವ ನೀರು ಬಂದದ್ದು ಪಾಲಾರಿನ ಬೇತಮಂಗಲ ಕೆರೆಯಿಂದ. ಊರವರ ಪ್ರಾಚೀನ ಕೆರೆ ಕೈಗಾರಿಕಾ ಪಟ್ಟಣವೊಂದರ ಜಲಾಶಯವಾದ ಆ ಕಥೆಗೆ ಬೇರೆಯೇ ಲೇಖನ ಬೇಕು. 1892ರ ಮೈಸೂರು–ಮದ್ರಾಸು ಒಪ್ಪಂದದ ಪಟ್ಟಿಯಲ್ಲಿ ಕಾವೇರಿಯ ಜೊತೆಗೆ ಪಾಲಾರ್, ದಕ್ಷಿಣ ಪಿನಾಕಿನಿಗಳ ಹೆಸರೂ ಇವೆ ಎಂಬುದಷ್ಟೇ ಇಲ್ಲಿಗೆ ಮುಖ್ಯ. ಎಲ್ಲ ಹೊಳೆಗಳೂ ಹೊರಗೆ ಹರಿಯುವ ಈ ಜಿಲ್ಲೆಗೆ ಆ ಪಟ್ಟಿ ಮೊದಲಿನಿಂದಲೂ ಬೇಲಿಯಾಗಿದೆ.

ಗಣಿಗಳು 2001ರಲ್ಲಿ ಮುಚ್ಚಿದವು. ಕಾವೇರಿಯ ನಂಟು ಬೇರೆ ದಾರಿಯಲ್ಲಿ ಮರಳಿತು. ಕಾವೇರಿ ಜಲವಿವಾದ ನ್ಯಾಯಮಂಡಳಿಯ 2007ರ ಅಂತಿಮ ಆದೇಶದಲ್ಲಿ ಒಂದು ಸಣ್ಣ ಸೂತ್ರವಿದೆ: ಊರುಗಳಿಗೆ ಕುಡಿಯಲು ಎತ್ತಿದ ನೀರಿನಲ್ಲಿ ಶೇ. 20ರಷ್ಟನ್ನು ಮಾತ್ರ ಬಳಕೆ ಎಂದು ಲೆಕ್ಕ ಹಿಡಿಯಬೇಕು. ಉಳಿದ ಶೇ. 80 ಚರಂಡಿಯಾಗಿ ನದಿಗೇ ಮರಳುತ್ತದೆ ಎಂಬ ಭಾವನೆ ಇದರ ಹಿಂದಿದೆ. ಮೈಸೂರಿಗೆ ಇದು ಒಪ್ಪುತ್ತದೆ. ಬೆಂಗಳೂರಿಗೆ? ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಜಲಾನಯನದಲ್ಲಿದೆ ಎಂದು ಹೇಳಿದ್ದು ಅದೇ ನ್ಯಾಯಮಂಡಳಿ. ವೃಷಭಾವತಿಯ ನೀರು ಅರ್ಕಾವತಿಗೆ ಸೇರಿ ಕಾವೇರಿ ಕಾಣುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯದು ಬೆಳ್ಳಂದೂರು, ವರ್ತೂರುಗಳನ್ನು ಹಾಯ್ದು ದಕ್ಷಿಣ ಪಿನಾಕಿನಿಗೆ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಡೀ ನಗರವನ್ನು ಪರಿಗಣಿಸಿ 4.75 ಟಿಎಂಸಿ ಅಡಿ ಹೆಚ್ಚು ಕೊಟ್ಟಿತು. ಶೇ. 20ರ ಸೂತ್ರ ಹಿಡಿದು ನೋಡಿದರೆ ಅಷ್ಟು ‘ಬಳಕೆ’ ಎಂದರೆ 23.75 ಟಿಎಂಸಿ ಎತ್ತುವುದು, 19 ಟಿಎಂಸಿ ಹೊರಬಿಡುವುದು. ಈ ಹತ್ತೊಂಬತ್ತರಲ್ಲಿ ಬಹುಪಾಲು ಕಾವೇರಿಗೆ ಮರಳಲಾರದು.

ಅದೇ ವರ್ಷದ ಜೂನ್ ತಿಂಗಳಲ್ಲಿ ಎರಡು ಘಟನೆಗಳು. ದೆಹಲಿಯಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು. ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ (ಕೆ.ಸಿ. ವ್ಯಾಲಿ) ಸಂಸ್ಕರಿಸಿದ ಕೊಳಚೆ ನೀರು ಧುಮುಕಿತು. ಜುಲೈನಲ್ಲಿ ಅಲ್ಲಿ ನೊರೆ ಎದ್ದಿತು, ಹೈಕೋರ್ಟು ತಡೆ ಕೊಟ್ಟಿತು, ಆಮೇಲೆ ಪಂಪುಗಳು ಮತ್ತೆ ಓಡಿದವು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕೆಂಬ ರೈತಸಂಘಟನೆಗಳ ಒತ್ತಾಯ ನ್ಯಾಯವಾದದ್ದು: ಕೆರೆಯಲ್ಲಿ ನಿಂತ ನೀರು ಅಂತರ್ಜಲವಾಗಿ ಕೊಳವೆಬಾವಿಯಲ್ಲಿ ಮತ್ತೆ ಮೇಲೆ ಬರುತ್ತದೆ. ಆದರೆ ಪ್ರಮಾಣದ ಪ್ರಶ್ನೆ ಗುಣಮಟ್ಟದ ಗದ್ದಲದಲ್ಲಿ ಮುಳುಗಿತು. ಯೋಜನೆಯ ಗುರಿ ದಿನಕ್ಕೆ 440 ದಶಲಕ್ಷ ಲೀಟರ್. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 5.7 ಟಿಎಂಸಿ ಅಡಿ. ಬೆಂಗಳೂರಿಗಾಗಿ ದಶಕಗಳ ಕಾಲ ವಾದಿಸಿ ಪಡೆದ 4.75ಕ್ಕಿಂತ ಇದು ಹೆಚ್ಚು. ಪ್ರಾಧಿಕಾರ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಸಲ್ಲುವ 177.25 ಟಿಎಂಸಿಯನ್ನು ತಿಂಗಳು ತಿಂಗಳಾಗಿ ಎಣಿಸುತ್ತದೆ. ಕೋಲಾರದ ಏರು ಹತ್ತುವ ಕೊಳವೆಯ ನೀರು ಆ ಎಣಿಕೆಯ ಹೊರಗೆ.

ಇದರ ಪಕ್ಕದಲ್ಲಿ ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಜಲಾಶಯವನ್ನು ಇಟ್ಟು ನೋಡಬೇಕು. ಮಾರ್ಕಂಡೇಯಕ್ಕೆ ಅಡ್ಡಲಾಗಿ, ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳ ಬಾಯಾರಿಕೆಗಾಗಿ ಕಟ್ಟಿದ ಅದರ ಸಾಮರ್ಥ್ಯ ಅರ್ಧ ಟಿಎಂಸಿ. ತಮಿಳುನಾಡು 2018ರಲ್ಲಿ ದಾವೆ ಹೂಡಿತು. 2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟು ತಡೆ ನಿರಾಕರಿಸಿ, ಬೇಕಿದ್ದರೆ ನ್ಯಾಯಮಂಡಳಿ ಕೇಳಲು ಕೇಂದ್ರದ ಬಳಿ ಹೋಗಿ ಎಂದಿತು. 1892ರ ನಿಯಮಗಳು ನಿರ್ಬಂಧಿಸುವುದು ಹೊಸ ನೀರಾವರಿ ಕಾಮಗಾರಿಗಳನ್ನು. ಯರಗೋಳ್ ಕುಡಿಯುವ ನೀರಿನದು. ಅರ್ಧ ಟಿಎಂಸಿಗೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು, ಹನ್ನೊಂದು ಪಟ್ಟು ದೊಡ್ಡ ಹರಿವು ಯಾವ ಹಂಚಿಕೆಯ ಕಡತದಲ್ಲೂ ಇಲ್ಲ.

ಕೋಲಾರಕ್ಕೆ ಇದು ಅನುಕೂಲವಲ್ಲವೇ ಎನ್ನಬಹುದು. ಸದ್ಯಕ್ಕೆ ಹೌದು. ಆದರೆ ಲೆಕ್ಕದಲ್ಲಿಲ್ಲದ ನೀರಿಗೆ ಹಕ್ಕೂ ಇರುವುದಿಲ್ಲ. ನಾಳೆ ಬೆಂಗಳೂರು ಆ ನೀರನ್ನು ತಾನೇ ಮರುಬಳಸತೊಡಗಿದರೆ ಕೆರೆಬಯಲಿನ ರೈತ ಯಾವ ಕಾಗದ ತೋರಿಸುತ್ತಾನೆ? ಕೆಳಗೆ ಹೊಸೂರಿನ ಬಳಿ ಕೆಲವರಪಳ್ಳಿ ಜಲಾಶಯಕ್ಕೆ ನೊರೆಯೊಂದಿಗೇ ಆದರೂ ಬರುತ್ತಿದ್ದ ಹರಿವು ತಗ್ಗಿದರೆ ತಮಿಳುನಾಡು ಸುಮ್ಮನಿರುವುದೂ ಅಸಂಭವ. ದಕ್ಷಿಣ ಪಿನಾಕಿನಿಯ ಪಾಲು ನ್ಯಾಯಮಂಡಳಿಯಲ್ಲಾಗಲಿ ಮಾತುಕತೆಯಲ್ಲಾಗಲಿ ಇತ್ಯರ್ಥವಾಗುವ ದಿನ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು: ಬೆಳ್ಳಂದೂರಿನ ಕೋಡಿಯಲ್ಲಿರುವುದು ಪಿನಾಕಿನಿಯ ಸ್ವಂತ ಇಳುವರಿಯೋ, ಕಾವೇರಿಯಿಂದ ಬಂದ ನೀರೋ? ಮೊದಲನೆಯದಾದರೆ ಅದು ಎರಡು ರಾಜ್ಯಗಳು ಹಂಚಿಕೊಳ್ಳಬೇಕಾದ ನೀರು. ಎರಡನೆಯದಾದರೆ ಕರ್ನಾಟಕ ತನ್ನ ಕಾವೇರಿ ಪಾಲಿನಿಂದ ಎತ್ತಿ ತಂದದ್ದು, ಆಗ ಶೇ. 20ರ ಸೂತ್ರವನ್ನು ಬೆಂಗಳೂರಿನ ಮಟ್ಟಿಗೆ ಮತ್ತೆ ತೆರೆಯಬೇಕಾಗುತ್ತದೆ. ಎರಡರ ಲಾಭವನ್ನೂ ಒಟ್ಟಿಗೆ ಕೇಳಲು ಕರ್ನಾಟಕಕ್ಕೆ ಬರುವುದಿಲ್ಲ.