ಬಾಚಿಯ ಚಿತ್ರ, ತೋಟಿಯ ಕೋಲು



ನಮ್ಮ ಗುತ್ತಲಿನ ಗೆಳೆಯರೊಬ್ಬರು ಹಳೇ ಬಾಚಿಯೊಂದರ ಚಿತ್ರವನ್ನ ಜಲವರ್ಣದಲ್ಲಿ ಬರೆದು ತೋರಿಸಿದರು. ಬಾಚಿ ಗೊತ್ತಲ್ಲ? ಬಡಗಿ ನೇಗಿಲಿಗೆ ಜಾಲಿಮರ ಕೆತ್ತೋ ಹತಾರ. ಕೊಡಲಿಯ ಬಾಯಿ ಕಾವಿನ ನೇರಕ್ಕಿದ್ರೆ ಬಾಚಿಯದು ಅಡ್ಡಕ್ಕಿರುತ್ತೆ. ಚಿತ್ರದಲ್ಲಿ ಕಬ್ಬಿಣಕ್ಕೆ ತುಕ್ಕಿನ ಕೆಂಪು. ಕೈ ಹಿಡಿದೂ ಹಿಡಿದೂ ಕಾವು ಸವೆದು ಕಪ್ಪಗೆ ಮಿರುಗ್ತಾ ಇದೆ. ಬಾಯಿಯ ಹೊಳಪಿಗೆ ಬಣ್ಣವನ್ನೇ ಹಚ್ಚಿಲ್ಲ, ಬಿಳಿ ಕಾಗದವನ್ನ ಹಾಗೇ ಬಿಟ್ಟಿದ್ದಾರೆ. ಮನುಷ್ಯ ಇಲ್ಲ, ಆದ್ರೂ ದುಡಿದ ಕೈ ಕಾಣುತ್ತೆ.

ನನಗೆ ಹಿಡಿಸಿದ್ದು ಇದೇ. 19ನೇ ಶತಮಾನದ ಶುರುವಲ್ಲಿ ತಂಜಾವೂರಿನ ಕಲಾವಿದರು ಕಂಪನಿ ಸಾಹೇಬರಿಗೆ ಇಂಥ ಚಿತ್ರಗಳನ್ನ ಸಾಲುಸಾಲಾಗಿ ಬರೆದುಕೊಟ್ಟರು. ಗಂಡ-ಹೆಂಡತಿ ಜೋಡಿ, ಕೈಯಲ್ಲಿ ಕಸುಬಿನ ಹತಾರ, ಎಷ್ಟೋ ಚಿತ್ರಗಳಲ್ಲಿ ಜಾತಿ ಹೆಸರು. ಅಲ್ಲಿ ಹತಾರ ಜಾತಿಯ ಗುರುತು. ಈ ಬಾಚಿ ದುಡಿಮೆಯ ಗುರುತು.

ಆದ್ರೆ ನೋಡ್ತಾ ನೋಡ್ತಾ ಒಂದು ಪ್ರಶ್ನೆ ಬಂತು. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಚರಿತ್ರೆಯಲ್ಲಿ ಹಳ್ಳಿಯ ಹನ್ನೆರಡು ಆಯಗಾರರ ಪಟ್ಟಿ ಇದೆ. ಗೌಡ, ಶಾನುಭೋಗ, ಕಮ್ಮಾರ, ಬಡಗಿ ಇರೋ ಅದೇ ಪಟ್ಟಿಯಲ್ಲಿ ತೋಟಿ, ನೀರಗಂಟಿಯೂ ಇದ್ದಾರೆ. ಪಟ್ಟಿ ಒಂದೇ, ಬೀದಿ ಒಂದೇ ಅಲ್ಲ. ಬಡಗಿ ಮನೆ ಊರೊಳಗೆ, ನಮ್ಮ ತೋಟಿ ಮನೆ ಕೇರಿಯಲ್ಲಿ. ಜಾತಿ ಅನ್ನೋದು ಬರೀ ಕೆಲಸದ ವಿಂಗಡಣೆ ಅಲ್ಲ, ಕೆಲಸಗಾರರನ್ನೇ ಒಡೆಯೋ ವಿಂಗಡಣೆ ಅಂತ ಬಾಬಾಸಾಹೇಬರು 1936ರಲ್ಲಿ ಹೇಳಿದ್ದು ಇದನ್ನೇ.

ಬಡಗಿಗೆ ಬಾಚಿ ಉಳೀತು. ತೋಟಿಗೆ? ಒಂದು ಕೋಲು, ಓಡಾಡಿ ಸವೆದ ಎರಡು ಕಾಲು. ಅದನ್ನ ಯಾರು ಬರೀತಾರೆ?

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಆ ಚಾಕರಿಯನ್ನ ತೆಗೆದುಹಾಕಿತು. ಒಳ್ಳೇದಾಯ್ತು, ಆ ಚಾಕರಿಯನ್ನ ಹಾಡಿ ಹೊಗಳೋದು ಬೇಡ. ಆದ್ರೆ ಚಾಕರಿಗೆ ಬದಲಾಗಿ ಇದ್ದ ಇನಾಮ್ತಿ ಜಮೀನನ್ನ ಹುದ್ದೆಯವರಿಗೇ ಮರುಮಂಜೂರು ಮಾಡೋಕೆ ಅದೇ ಕಾಯ್ದೆಯಲ್ಲಿ ಅವಕಾಶ ಇತ್ತು. ನಿಮ್ಮ ಕೇರಿಯ ಆ ಜಮೀನು ಈಗ ಯಾರ ಹೆಸರಲ್ಲಿದೆ? ಪಹಣಿ ತೆಗೆಸಿ ನೋಡಿ.

ಚಿತ್ರ ಬರೆಯೋ ನಮ್ಮ ಮಕ್ಕಳಿಗೆ ಒಂದು ಮಾತು. ನಿಮ್ಮ ತಾತನ ಕೋಲನ್ನೂ ಬರೀರಿ. ಕೆಳಗೆ ಜಾತಿ ಹೆಸರು ಬೇಡ. ಆ ಜಮೀನಿನ ಸರ್ವೆ ನಂಬರ್ ಬರೀರಿ.

ಜೈಭೀಮ್.