ಕಾರ್ಕಳದ ಕ್ರೈಸ್ತ ಮನೆಗಳಲ್ಲಿ ನತಾಲದ ಋತು

ಕಾರ್ಕಳವೆಂದೊಡನೆ ನಾಡಿನವರ ಕಣ್ಣಮುಂದೆ ನಿಲ್ಲುವವನು ಬಂಡೆಯ ಮೇಲಣ ಗೊಮ್ಮಟನು. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಆ ಮೂರ್ತಿಯನ್ನೂ 1586ರ ಚತುರ್ಮುಖ ಬಸದಿಯನ್ನೂ ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿರುವರು. ಕಲ್ಲಿನ ಚರಿತ್ರೆಗೆ ಶಾಸನದ ಬೆಂಬಲವುಂಟು. ಅಡಿಗೆಮನೆಯ ಚರಿತ್ರೆಗೆ ಅದಿಲ್ಲ. ಆದುದರಿಂದ ಆ ಊರಿನ ಕ್ರೈಸ್ತ ಕುಟುಂಬಗಳು ಡಿಸೆಂಬರು ಜನವರಿಗಳಲ್ಲಿ ಏನು ಉಂಡುವು, ಏನನ್ನು ಬಿಟ್ಟುವು, ರೋಗ ಬಂದಾಗ ಯಾರ ಬಾಗಿಲಿಗೆ ಹೋದುವು ಎಂಬುದು ಬರಹಕ್ಕೆ ಬಂದುದು ಕಡಮೆ. ಕ್ರಿಸ್ತಜಯಂತಿಯೆಂದರೆ ಡಿಸೆಂಬರು 25ರ ಒಂದು ದಿನವೆಂದು ಹೊರಗಿನವರು ತಿಳಿಯುವರು. ಕಾರ್ಕಳದ ಕಥೊಲಿಕ ಮನೆಗಳಲ್ಲಿ ಅದೊಂದು ಋತು. ಉಪವಾಸದಲ್ಲಿ ಮೊದಲಾಗಿ ಅತ್ತೂರಿನ ಜಾತ್ರೆಯಲ್ಲಿ ಮುಗಿಯುವ ಈ ಋತುವಿನಲ್ಲಿ ಮನೆಯವರ ದೇಹದ ಲೆಕ್ಕವೂ ಆತ್ಮದ ಲೆಕ್ಕವೂ ಒಟ್ಟಿಗೇ ನಡೆಯುತ್ತಿದ್ದುವು.

ಈ ಕುಟುಂಬಗಳ ಮನೆಮಾತು ಕೊಂಕಣಿ, ಪೇಟೆಯ ಮಾತು ತುಳು, ಪಾಠಶಾಲೆಯ ಮಾತು ಕನ್ನಡ. ಇವರ ಹಿರಿಯರಲ್ಲಿ ಬಹುಮಂದಿ ಗೋವೆಯ ಕಡೆಯಿಂದ ತೆಂಕಣಕ್ಕೆ ಬಂದು ನೆಲೆಸಿದವರು. ಕಾರ್ಕಳದಲ್ಲಿ ಮೊದಲನೆಯ ಇಗರ್ಜಿಯು 1759ರಲ್ಲಿ ಆಯಿತೆಂದು ಅತ್ತೂರಿನ ದೇವಾಲಯದವರು ಎಣಿಸುವರು. ಇಪ್ಪತ್ತೈದು ವರ್ಷಗಳಾಗುವಷ್ಟರಲ್ಲಿ, 1784ರ ಫೆಬ್ರವರಿಯ ಕೊನೆಗೆ, ಬೂದಿ ಬುಧವಾರದ ಹೊತ್ತಿನಲ್ಲಿ, ಟೀಪೂ ಸುಲ್ತಾನನ ಆಜ್ಞೆಯಂತೆ ಕೆನರಾ ಸೀಮೆಯ ಕ್ರೈಸ್ತರು ಸೆರೆಸಿಕ್ಕಿ ಘಟ್ಟವೇರಿ ಶ್ರೀರಂಗಪಟ್ಟಣಕ್ಕೆ ನಡೆಯಬೇಕಾಯಿತು. ಸೆರೆಯಾದವರ ಸಂಖ್ಯೆಯನ್ನು ಚರಿತ್ರಕಾರರು ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಬಗೆಬಗೆಯಾಗಿ ಹೇಳಿದ್ದಾರೆ. ಹಸಿವಿನಿಂದಲೂ ರೋಗದಿಂದಲೂ ದಾರಿಯಲ್ಲಿ ಅಳಿದವರು ಅನೇಕರೆಂಬುದರಲ್ಲಿ ಮಾತ್ರ ಅವರಿಗೆ ಭೇದವಿಲ್ಲ. ಇಗರ್ಜಿಗಳು ನೆಲಸಮವಾದುವು. ನೆರೆಯ ಮೂಡಬಿದಿರೆಯ ಹೊಸಪೇಟೆಯ ಇಗರ್ಜಿಯೊಂದು ಚೌಟ ಅರಸರ ದಾಕ್ಷಿಣ್ಯದಿಂದ ಉಳಿಯಿತೆಂದು ಪ್ರತೀತಿಯಿದೆ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಬದುಕಿ ಉಳಿದವರು ಮರಳಿದರು. ಹೋಗುವಾಗ ಒಂದಾಗಿದ್ದ ಕುಟುಂಬವು ಬರುವಾಗ ಒಂದಾಗಿರಲಿಲ್ಲ.

ಮರಳಿ ಬಂದವರ ನಂಬಿಕೆಯಲ್ಲಿ ಹಬ್ಬದ ಊಟಕ್ಕಿಂತ ಹಬ್ಬದ ಹಿಂದಿನ ವ್ರತಕ್ಕೆ ಹೆಚ್ಚು ಮಾನವಿದ್ದುದು ಆಶ್ಚರ್ಯವಲ್ಲ. ನತಾಲಕ್ಕೆ ಮುಂಚಿನ ನಾಲ್ಕು ಭಾನುವಾರಗಳ ಕಾಲವನ್ನು ಆಗಮನಕಾಲವೆನ್ನುವರು. ಆಗ ವಿವಾಹದ ಸಂಭ್ರಮವು ಸಲ್ಲದು. ಲಗ್ನಗಳೆಲ್ಲ ಹಬ್ಬದ ಆಚೆಗೆ ಹೋಗುವುವು. ವಿನೋದವೇನೆಂದರೆ, ತುಳುನಾಡಿನ ಉಳಿದವರಿಗೆ ಇದೇ ಕಾಲವು ಕೋಲ ಕಂಬಳಗಳ ಕಾಲ. ಗದ್ದೆಯ ಈಚೆಯ ಮನೆಯಲ್ಲಿ ಜಪಮಾಲೆ, ಆಚೆಯ ಮನೆಯಲ್ಲಿ ದೈವದ ತೆಂಬರೆಯ ಸದ್ದು, ಎರಡೂ ಒಂದೇ ಚಳಿಯ ರಾತ್ರಿಯಲ್ಲಿ ಕೇಳಿಬರುತ್ತಿದ್ದುವು.

ಸಂಜೆಯ ಜಪವನ್ನು ತೆರ್ಸ್ ಎನ್ನುವರು. ಪೂರ್ತಿ ಜಪಮಾಲೆಯ ಮೂರನೆಯ ಒಂದು ಪಾಲೆಂಬ ಅರ್ಥದ ಪೋರ್ತುಗೀಸ್ ಮಾತೇ ಹೀಗೆ ಸವೆದಿದೆ. ದೀಪ ಹಚ್ಚಿದ ಮೇಲೆ ದೇವರ ಪೀಠದ ಮುಂದೆ ಮನೆಮಂದಿಯೆಲ್ಲ ಮೊಣಕಾಲೂರುವರು. ಜಪ ಮುಗಿದೊಡನೆ ಕಿರಿಯರು ಸಾಲಾಗಿ ಬಂದು ಕೈಮುಗಿದು ಹಿರಿಯರಲ್ಲಿ ‘ಬೆಸಾಂವ್’ ಬೇಡುವರು, ಎಂದರೆ ಆಶೀರ್ವಾದ. ಅಜ್ಜನು ಹಾಸಿಗೆ ಹಿಡಿದಿದ್ದರೆ ಮಕ್ಕಳು ಅವನ ಹಾಸಿಗೆಯ ಬಳಿಗೇ ಹೋಗಬೇಕು. ಬೇನೆಯವನು ಮನೆಯ ಒಂದು ಮೂಲೆಯಲ್ಲಿ ಮರೆತುಹೋಗದಂತೆ ಕಾದ ಕಟ್ಟಳೆಗಳಲ್ಲಿ ಇದಕ್ಕಿಂತ ಸರಳವಾದುದು ಬೇರೆ ಕಾಣದು. ಇಗರ್ಜಿಯ ಪೂಜೆಯು 1960ರ ದಶಕದವರೆಗೂ ಲತೀನಿನಲ್ಲಿಯೇ ನಡೆಯುತ್ತಿದ್ದುದರಿಂದ ಹೆಂಗಸರಿಗೂ ಮಕ್ಕಳಿಗೂ ಅರ್ಥವಾಗುವ ಪ್ರಾರ್ಥನೆಯೆಂದರೆ ಕೊಂಕಣಿಯ ಈ ಮನೆಜಪವೇ. 1912ರಲ್ಲಿ ‘ಕೊಂಕಣಿ ದಿರ್ವೆಂ’, 1938ರಲ್ಲಿ ‘ರಾಕ್ಣೊ’ ಮಂಗಳೂರಿನಿಂದ ಕನ್ನಡ ಲಿಪಿಯಲ್ಲಿ ಹೊರಟ ಮೇಲೆ ಓದಬಲ್ಲವರಿದ್ದ ಮನೆಗಳಲ್ಲಿ ಸಂಜೆಗೆ ಓದುವ ಹಾಳೆಯೂ ದೊರೆಯಿತು.

ಡಿಸೆಂಬರಿನ ನಡುವಿನಿಂದ ಕುಸ್ವಾರಿನ ಕೆಲಸ. ಕುಸ್ವಾರೆಂದರೆ ಹಬ್ಬದ ತಿಂಡಿಗಳ ಸಮೂಹ. ತೆಂಗು ಎಳ್ಳು ಗೇರುಬೀಜಗಳ ಹೂರಣವನ್ನು ಅರ್ಧಚಂದ್ರದಂತೆ ಮಡಿಸಿದ ನೆವ್ರಿ, ಹುಳುವಿನಂತೆ ಸುರುಳಿ ಸುತ್ತಿಕೊಂಡ ಕಿಡಿಯೊ, ಅಕ್ಕಿಹಿಟ್ಟಿನ ಗುಳಿಯೊ, ನೇಂದ್ರ ಬಾಳೆಯ ಹೋಳು, ಎಳ್ಳುಂಡೆ, ತುಕ್ಡಿ, ಚಕ್ಕುಲಿ ಇವು ಅದರ ಮುಖ್ಯಾಂಗಗಳು. ಪೋರ್ತುಗೀಸರ ‘ಕೊನ್ಸೊಆದ’ ಎಂಬುದೇ ಇಲ್ಲಿ ಕುಸ್ವಾರ್ ಆಯಿತೆಂದು ಬಲ್ಲವರು ಹೇಳುವರು. ಆ ಮಾತಿನ ಮೊದಲಿನ ಅರ್ಥ ಗಮನಿಸತಕ್ಕದ್ದು: ಉಪವಾಸದ ದಿನದ ಕೊನೆಗೆ ತೆಗೆದುಕೊಳ್ಳುವ ಅಲ್ಪಾಹಾರ. ಹಸಿವಿನ ನೆರಳಿನಲ್ಲಿ ಹುಟ್ಟಿದ ತಿಂಡಿಯು ತಟ್ಟೆ ತುಂಬುವ ವೈಭವವಾದುದು ನಾಲಗೆಯ ಚರಿತ್ರೆಯೇ ಸರಿ. ಅಕ್ಕಿ ಕುಟ್ಟುವುದು, ಜರಡಿ ಹಿಡಿಯುವುದು, ಕಾಯಿ ತುರಿಯುವುದು, ಬೆಲ್ಲ ಕಾಸುವುದು, ಇವೆಲ್ಲ ಒಬ್ಬಿಬ್ಬರ ಕೈಯಲ್ಲಿ ಆಗತಕ್ಕವಲ್ಲ. ಅತ್ತೆ, ಸೊಸೆಯಂದಿರು, ತವರಿಗೆ ಬಂದ ಹೆಣ್ಣುಮಕ್ಕಳು, ನೆರೆಮನೆಯ ವಿಧವೆ, ಎಲ್ಲರೂ ಕೂಡಿ ಕುಳಿತರೆ ಕೆಲಸವು ಸಾಗುವುದು. ಯಾರ ಮಗುವಿಗೆ ಜ್ವರ, ಯಾರಿಗೆ ಎಷ್ಟನೆಯ ತಿಂಗಳು, ಯಾರ ಮನೆಯಲ್ಲಿ ಅಕ್ಕಿ ತೀರಿದೆ ಎಂಬ ವರ್ತಮಾನವೆಲ್ಲ ಹಂಚಿಕೆಯಾಗುತ್ತಿದ್ದುದು ಆ ಒರಳಿನ ಸುತ್ತಲೇ. ಎರಡನೆಯ ಮಹಾಯುದ್ಧದಲ್ಲಿ ಸಕ್ಕರೆಯು ಪಡಿತರದ ಪದಾರ್ಥವಾಯಿತು. 1948ರಲ್ಲಿ ಮದರಾಸು ಪ್ರಾಂತಕ್ಕೆಲ್ಲ ಪಾನನಿರೋಧವು ಬಂದಾಗ ಸನ್ನದ ಹಿಟ್ಟನ್ನು ಹುದುಗಿಸುವ ಕಳ್ಳಿಗೇ ಸಂಚಕಾರ ಬಂದಿತು. ಕುಡುಕರನ್ನು ಉದ್ದೇಶಿಸಿ ಮಾಡಿದ ಶಾಸನವು ಸಾಧ್ವಿಯರ ಸನ್ನವನ್ನು ಚಪ್ಪಟೆ ಮಾಡುವುದೆಂದು ಶಾಸನಸಭೆಯವರು ಎಣಿಸಿರಲಾರರು.

ತಯಾರಾದ ತಿಂಡಿಯನ್ನು ಹಬ್ಬಕ್ಕೆ ಮೊದಲು ಮುಟ್ಟಬಾರದು. ಡಿಸೆಂಬರು 24 ಹಬ್ಬದ ಹಿಂದಿನ ಜಾಗರದ ದಿನ. 1917ರಲ್ಲಿ ಪ್ರಕಟವಾದ ಲತೀನ್ ಸಭೆಯ ಧರ್ಮಸಂಹಿತೆಯ ಸಾಮಾನ್ಯ ನಿಯಮದಂತೆ ಅಂದು ಮಾಂಸವು ವರ್ಜ್ಯವಾಗಿತ್ತು. 21 ವರ್ಷ ತುಂಬಿದವರು 60ನೆಯ ವರ್ಷಕ್ಕೆ ಕಾಲಿಡುವವರೆಗೆ ಒಂದೇ ಹೊತ್ತು ಹೊಟ್ಟೆತುಂಬ ಉಣ್ಣಬೇಕಾಗಿತ್ತು. ಇದಲ್ಲದೆ ಪರಮಪ್ರಸಾದವನ್ನು ಸ್ವೀಕರಿಸುವವರು ನಡುರಾತ್ರಿಯಿಂದ ಏನನ್ನೂ, ಗುಟುಕು ನೀರನ್ನಾದರೂ, ಮುಟ್ಟಕೂಡದೆಂದಿತ್ತು. ನಿಯಮವು ಬಿಗಿಯಾಗಿತ್ತು; ಕುರುಡಾಗಿರಲಿಲ್ಲ. ರೋಗಿಗಳು, ಬಸುರಿಯರು, ಹಾಲೂಡುವ ತಾಯಂದಿರು, ಮೈಮುರಿದು ದುಡಿಯುವವರು ಉಪವಾಸಕ್ಕೆ ಒಳಪಡುವುದಿಲ್ಲವೆಂದು ಸಭೆಯ ಧರ್ಮಶಾಸ್ತ್ರಜ್ಞರು ಹೇಳಿದ್ದರು. ತಿಂಗಳಿನಿಂದ ಹಾಸಿಗೆ ಹಿಡಿದು ಬೇಗ ಏಳುವ ಭರವಸೆಯಿಲ್ಲದವನು ಔಷಧವನ್ನೋ ದ್ರವಾಹಾರವನ್ನೋ ಸೇವಿಸಿದ ಮೇಲೆಯೂ ವಾರಕ್ಕೆ ಒಂದೆರಡು ಸಲ ಪ್ರಸಾದವನ್ನು ಪಡೆಯಬಹುದೆಂದು ಸಂಹಿತೆಯಲ್ಲಿಯೇ ಇತ್ತು.

ಆದರೆ ಶಾಸ್ತ್ರವು ಬಿಟ್ಟದ್ದನ್ನು ರೂಢಿಯು ಬಿಡುವುದೇ? ಹಸಿಬಾಣಂತಿಗೆ ಉಪವಾಸವಿಲ್ಲವೆಂದು ಪಾದ್ರಿಯು ಹೇಳಬಹುದು; ಅತ್ತೆಯು ಉಪವಾಸವಿರುವಾಗ ಸೊಸೆಯು ಗಂಜಿ ಬಡಿಸಿಕೊಳ್ಳುವುದು ಹೇಗೆ? ಹದಿನೈದು ದಿನ ಒಲೆಯ ಮುಂದೆ ಬೆಂದವಳೇ ಎಲ್ಲರಿಗಿಂತ ಹಿಂದಿನಿಂದ ಉಣ್ಣುವವಳು. ಮೈಮುರಿದು ದುಡಿಯುವವರೆಂದರೆ ಗದ್ದೆಯ ಗಂಡಸರೆಂದು ಮನೆಮಂದಿ ತಿಳಿದರಲ್ಲದೆ ಒರಳಿನ ಹೆಂಗಸರೆಂದು ತಿಳಿಯಲಿಲ್ಲ. ಈ ಋತುವಿನ ಸೊಬಗನ್ನು ಹೊಗಳುವವರು ಈ ಭಾಗವನ್ನು ಸಾಧಾರಣವಾಗಿ ದಾಟಿಬಿಡುವರು, ದಾಟುವುದು ನ್ಯಾಯವಲ್ಲ. ನೀರು ಕುಡಿದರೆ ವ್ರತಭಂಗವಲ್ಲವೆಂದು ಹನ್ನೆರಡನೆಯ ಪಯಸ್ ಪೋಪರು 1953ರಲ್ಲಿ ಸಾರಿದರು. 1957ರಲ್ಲಿ ಅನ್ನದ ನಿಷೇಧವನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ ಅದು ಒಂದು ಗಂಟೆಯಾಯಿತು. ರೋಮಿನಿಂದ ಹೊರಟ ಆ ಮೂರು ಅಪ್ಪಣೆಗಳ ಪ್ರಯೋಜನವು ಕಾರ್ಕಳದ ಗದ್ದೆಯಂಚಿನ ಅಡಿಗೆಮನೆಯವರೆಗೂ ಮುಟ್ಟಿತು.

ನಡುರಾತ್ರಿಯ ಪೂಜೆಗೆ ದೂರದ ಹಳ್ಳಿಗಳವರು ತೆಂಗಿನ ಗರಿಯ ಸೂಡಿ ಹಿಡಿದು ಗುಡ್ಡ ತೋಟಗಳನ್ನು ದಾಟಿ ನಡೆದು ಬರುವರು. ಮಕ್ಕಳು ಹೆಗಲಿನ ಮೇಲೆ. ಇಗರ್ಜಿಯೊಳಗೆ ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸುವ ಹೊತ್ತಿಗೆ ಅರ್ಧ ಮಕ್ಕಳು ನಿದ್ದೆ ಹೋಗಿರುವರು. ಮನೆಗೆ ಮರಳಿದ ಮೇಲೆ ಕುಸ್ವಾರಿನ ಡಬ್ಬಿ ತೆರೆಯುವುದು. ಬೆಳಗಾದ ಮೇಲೆ ಸನ್ನ, ಮಾಂಸದ ಪಲ್ಯ. ನೆರೆಯ ಹಿಂದೂ ಜೈನ ಮನೆಗಳಿಗೆ ತಿಂಡಿಯ ತಟ್ಟೆ. ದೀಪಾವಳಿಗೆ ಅಲ್ಲಿಂದ ಬಂದ ತಟ್ಟೆ ಬರಿದಾಗಿ ಹಿಂದಿರುಗಬಾರದಷ್ಟೆ.

ಚಳಿಯೊಡನೆ ಕೆಮ್ಮು ದಮ್ಮುಗಳೂ, ಘಟ್ಟದ ಬುಡದ ಹಳ್ಳಿಗಳಿಗೆ ನಡುಕುಜ್ವರವೂ ಬರುವುವು. ಶುಂಠಿ ಕರಿಮೆಣಸಿನ ಕಷಾಯ, ತುಳಸಿಯ ರಸ, ಹುರಿದ ಅಕ್ಕಿಯ ಗಂಜಿ, ಇವು ಮನೆಯ ಮೊದಲನೆಯ ಮದ್ದು. ಹೆರಿಗೆಗೆ ಸೂಲಗಿತ್ತಿಯೇ ಗತಿ. ಕೂಸು ಉಳಿಯುವ ನಂಬಿಕೆಯಿಲ್ಲದಾಗ ತಾನೇ ನೀರೆರೆದು ಜ್ಞಾನಸ್ನಾನ ಮಾಡಿಸುವ ಕ್ರಮವನ್ನು ಸೂಲಗಿತ್ತಿಯರಿಗೆ ಕಲಿಸಿರಬೇಕೆಂದು ಸಭೆಯು ಪಾದ್ರಿಗಳಿಗೆ ವಿಧಿಸಿತ್ತು. ಆ ವಿಧಿಯೊಂದರಲ್ಲಿಯೇ ಅಂದಿನ ಶಿಶುಮರಣದ ಚರಿತ್ರೆಯು ಅಡಗಿದೆ. ನತಾಲದಲ್ಲಿ ಹುಟ್ಟಿ ಬದುಕಿದ ಹುಡುಗಿಗೆ ನತಾಲಿಯಾ ಎಂಬ ಹೆಸರು ಸಲ್ಲುತ್ತಿತ್ತು.

ಔಷಧಾಲಯವೆಂಬುದು ಬಹುಕಾಲ ದೂರದ ಮಾತಾಗಿತ್ತು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯವರಲ್ಲಿ ಜರ್ಮನಿಯವರಾದ ಆಗಸ್ಟಸ್ ಮುಲ್ಲರ್ ಪಾದ್ರಿಗಳಿದ್ದರು. 1880ರಲ್ಲಿ ಅವರು ಕಂಕನಾಡಿಯಲ್ಲಿ ಹೋಮಿಯೋಪತಿಯ ಗುಳಿಗೆಗಳನ್ನು ಬಡವರಿಗೆ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆಯಾಯಿತು. 1902ರಲ್ಲಿ ಮಂಗಳೂರಿಗೆ ಮಹಾಮಾರಿಯು ಬಂದಾಗ ಪ್ಲೇಗಿನವರಿಗೂ ಆಸ್ಪತ್ರೆಯಾಯಿತು. ಅವರ ಔಷಧಗಳು ಅಂಚೆಯ ಮೂಲಕ ದೂರದ ಊರುಗಳಿಗೂ ಹೋಗುತ್ತಿದ್ದುವು. ಉಡುಪಿಯಲ್ಲಿ ಬಾಸೆಲ್ ಮಿಶನಿನ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡರು 1923ರಲ್ಲಿ ಆಸ್ಪತ್ರೆಯನ್ನು ತೆರೆದರು. ಗಂಡಸು ವೈದ್ಯನ ಮುಂದೆ ಬಾಯಿಬಿಡದ ಹೆಂಗಸರಿಗೆ ಅದರಿಂದಾದ ಉಪಕಾರವು ಮತಭೇದವನ್ನರಿಯದು. ಮಣಿಪಾಲದ ವೈದ್ಯಕೀಯ ಕಾಲೇಜು 1953ರಲ್ಲಿ ಆರಂಭವಾದ ಮೇಲೆ ಕಾರ್ಕಳದವರ ದಾರಿಯು ಮತ್ತಷ್ಟು ಮೊಟಕಾಯಿತು.

ಇಷ್ಟಾದರೂ ಅತ್ತೂರಿನ ಹರಕೆಯು ಕಡಮೆಯಾಗಲಿಲ್ಲ. ಮದ್ದು ಬೇರೆ ಹರಕೆ ಬೇರೆಯೆಂದು ಇಲ್ಲಿನವರು ಎಂದೂ ಎಣಿಸಿದವರಲ್ಲ. ಗುಳಿಗೆಯನ್ನು ನಾಲಗೆಯ ಮೇಲಿಟ್ಟುಕೊಂಡೇ ಸಂತ ಲಾರೆನ್ಸನಿಗೆ ಮೊಂಬತ್ತಿಯನ್ನು ಹೇಳಿಕೊಳ್ಳುವರು. ಆ ಸಂತನು ರೋಮಾಪುರದಲ್ಲಿ ಸಭೆಯ ದಾನಧರ್ಮಗಳನ್ನು ನೋಡಿಕೊಳ್ಳುತ್ತಿದ್ದವನು, 258ರಲ್ಲಿ ಹುತಾತ್ಮನಾದವನು. ಸಭೆಯ ಭಂಡಾರವನ್ನು ಒಪ್ಪಿಸೆಂದು ಅಧಿಕಾರಿಯು ಕೇಳಿದಾಗ ಬಡವರನ್ನೂ ಕುಂಟರು ಕುರುಡರನ್ನೂ ಕರೆತಂದು, ಇವರೇ ಭಂಡಾರವೆಂದು ತೋರಿಸಿದನೆಂಬುದು ಅವನ ಕಥೆ. ಹೊಸ ಇಗರ್ಜಿಗೆ ಸ್ಥಳವನ್ನು ಹುಡುಕುತ್ತ ಭಕ್ತರು ಅವನ ಪುಟ್ಟ ಮರದ ಮೂರ್ತಿಯನ್ನು ಹೊತ್ತು ಬರುವಾಗ ಪರ್ಪಲೆ ಗುಡ್ಡದ ಬುಡದಲ್ಲಿ ನೀರಿನ ಬಳಿ ವಿಶ್ರಮಿಸಿದರೆಂದೂ, ಮರಳಿ ಎತ್ತಹೋದರೆ ಮೂರ್ತಿಯು ಏಳದೆ ಹೋಯಿತೆಂದೂ ಐತಿಹ್ಯವಿದೆ. ಶ್ರೀರಂಗಪಟ್ಟಣದವರೆಗೆ ಎಳೆದೊಯ್ಯಲ್ಪಟ್ಟ ಜನರು ತಮ್ಮ ಸಂತನನ್ನು ಕದಲಲಾರದವನೆಂದು ನೆನಪಿಟ್ಟುಕೊಂಡುದು ಅರ್ಥವಿಲ್ಲದ ಸಂಗತಿಯಲ್ಲ.

ಸಂತನ ತಿಥಿಯು ಆಗಸ್ಟು 10 ಆದರೂ ಅದು ಬಿರುಮಳೆಯ ಕಾಲ. ಅತ್ತೂರಿನ ಮಹೋತ್ಸವವು ನಡೆಯುವುದು ಜನವರಿಯ ಕೊನೆಯ ಭಾಗದಲ್ಲಿ, ಗದ್ದೆ ಒಣಗಿ ದಾರಿ ತೆರೆದಿರುವಾಗ. ತುಳುವರ ಬಾಯಲ್ಲಿ ಅದು ಸಾಂತ್‌ಮಾರಿ. ಈಗ ಐದು ದಿನ ನಡೆಯುವ ಆ ಜಾತ್ರೆಗೆ ಕ್ರೈಸ್ತರಷ್ಟೇ ಅಲ್ಲದೆ ಹಿಂದೂಗಳೂ ಜೈನರೂ ಮುಸಲ್ಮಾನರೂ ಬರುವರು. ಗುಣವಾದವನು ಹರಕೆ ತೀರಿಸಲು, ಗುಣವಾಗದವನು ಹರಕೆ ಹೊರಲು. ಕೆರೆಯ ನೀರನ್ನು ಶೀಶೆಯಲ್ಲಿ ತುಂಬಿ ಮನೆಗೆ ಒಯ್ಯುವರು. ರೋಗಿಗಳಿಗಾಗಿ ವಿಶೇಷ ಪೂಜೆಯೂ ಉಂಟು. 2012ರಲ್ಲಿ ಉಡುಪಿ ಧರ್ಮಪ್ರಾಂತವು ಬೇರೆಯಾದಾಗ ಅತ್ತೂರು ಅದರಲ್ಲಿ ಸೇರಿತು. 2016ರಲ್ಲಿ ರೋಮಿನವರು ಈ ದೇವಾಲಯಕ್ಕೆ ಬಸಿಲಿಕದ ಪದವಿಯನ್ನು ಕೊಟ್ಟರು. ಮೊಂಬತ್ತಿ ಹಿಡಿದು ಸಾಲಿನಲ್ಲಿ ನಿಂತ ಮುದುಕಿಗೆ ಅದು ಆ ಮೊದಲೂ ಅತ್ತೂರೇ, ಆ ಮೇಲೆಯೂ ಅತ್ತೂರೇ.

ಜಾತ್ರೆಯ ಖರ್ಜೂರ ಮಿಠಾಯಿಗಳು ತೀರುವಷ್ಟರಲ್ಲಿ ಕುಸ್ವಾರಿನ ಡಬ್ಬಿಯ ತಳದಲ್ಲಿ ಕಿಡಿಯೊದ ಪುಡಿ ಮಾತ್ರ ಉಳಿದಿರುವುದು. ಮುಂದೂಡಿದ್ದ ಲಗ್ನಗಳು ಒಂದೊಂದಾಗಿ ಆಗುವುವು. ಕೆರೆಯ ನೀರಿನ ಶೀಶೆಯು ದೇವರ ಪೀಠದ ಪಕ್ಕದಲ್ಲಿ, ಮುಲ್ಲರ್ ಪಾದ್ರಿಗಳ ಔಷಧದ ಶೀಶೆಯ ಜೊತೆಯಲ್ಲಿಯೇ ಕುಳಿತಿರುವುದು. ಅಷ್ಟರಲ್ಲಿ ಹಿಂದಿನ ವರ್ಷದ ಗರಿಗಳನ್ನು ಸುಟ್ಟ ಬೂದಿಯನ್ನು ಹಣೆಗಿಡುವ ಬುಧವಾರವು ಬಂದು ಮನೆಮಂದಿಯು ಮತ್ತೆ ಉಪವಾಸಕ್ಕೆ ಕೂರುವರು.